ಹೆಸರು ನಿಮ್ಮದು, ಲೆಕ್ಕ ಯಾರ ಕೈಲಿದೆ?

'ಬಾ ಇಲ್ಲೆ, ಇಲ್ಲೊಂದು ಸಹಿ ಹಾಕು. ಸಿ.ಎ. ಆಫೀಸಿನ ಹುಡುಗ ಹೊರಗ ನಿಂತಾನ.'

ಕೈಗೆ ಅಂಟಿದ ಹಿಟ್ಟನ್ನು ಒರೆಸಿಕೊಂಡು ನೀವು ಬರುತ್ತೀರಿ. ಬೆರಳಿಟ್ಟು ತೋರಿಸಿದ ಕಡೆಯೆಲ್ಲ ಹೆಸರು ಬರೆಯುತ್ತೀರಿ. ಏನಿದು ಅಂತ ಕೇಳುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ! ಕೇಳಿದರೂ 'ನಿನಗ್ಯಾಕ ಅದೆಲ್ಲ, ನಾ ನೋಡ್ಕೋತೀನಿ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಈಗಂತೂ ಎಷ್ಟೋ ಸಲ ಸಹಿಯೂ ಬೇಡ. ಮೊಬೈಲಿಗೆ ಬಂದ ಒಟಿಪಿಯನ್ನು ಫೋನಿನಲ್ಲಿ ಓದಿ ಹೇಳಿದರೆ ಮುಗೀತು.

ಗದಗ-ಬೆಟಗೇರಿಯ ಪೇಟೆಯಿರಲಿ, ಲಕ್ಷ್ಮೇಶ್ವರದ ಅಡತಿ ಅಂಗಡಿಯಿರಲಿ, ಶಿರಹಟ್ಟಿ, ಮುಂಡರಗಿಯ ಹಿಟ್ಟಿನ ಗಿರಣಿ, ಗೊಬ್ಬರದ ಅಂಗಡಿಗಳಿರಲಿ, ಎಷ್ಟೋ ಉದ್ಯಮಗಳ ಕಾಗದಪತ್ರಗಳಲ್ಲಿ ಮನೆಯ ಹೆಣ್ಣುಮಕ್ಕಳ ಹೆಸರಿರುತ್ತದೆ. ಮಹಿಳೆಯರಿಗೆ ಸಾಲ ಸುಲಭ, ಬಡ್ಡಿ ಕಡಿಮೆ, ತೆರಿಗೆ ಹಂಚಿಹೋಗುತ್ತದೆ... ಹೀಗೆ ಕಾರಣಗಳು ನೂರು. ಪ್ರೈವೇಟ್ ಲಿಮಿಟೆಡ್ ಕಂಪೆನಿ ಮಾಡಬೇಕಾದರೆ ಕನಿಷ್ಠ ಇಬ್ಬರು ನಿರ್ದೇಶಕರು, ಇಬ್ಬರು ಷೇರುದಾರರು ಬೇಕೇ ಬೇಕು. ಎರಡನೆಯವರು ಯಾರು? ಇನ್ಯಾರು, ಮನೆಯಾಕೆ!

ಹೆಸರು ಹಾಕಿಸಿಕೊಂಡದ್ದು ತಪ್ಪೇನಲ್ಲ. ಒಂದು ರೀತಿಯಲ್ಲಿ ಒಳ್ಳೆಯದೇ. ಆದರೆ ಕಾನೂನಿಗೆ 'ಹೆಸರಿಗೆ ಮಾತ್ರ' ಎಂಬ ಮಾತು ಅರ್ಥವಾಗುವುದಿಲ್ಲ. ಕಾಗದದಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅವರೇ ಪಾಲುದಾರರು, ಅವರೇ ನಿರ್ದೇಶಕರು. ವರ್ಷದ ಲೆಕ್ಕವನ್ನು ಸರ್ಕಾರಕ್ಕೆ ಸಲ್ಲಿಸದೆ ಹೋದರೆ ನೋಟಿಸು ಬರುವುದು ನಿಮ್ಮ ಹೆಸರಿಗೇ. ಹಾಗಾದರೆ ಆ ಲೆಕ್ಕ ಏನು, ಯಾರಿಗೆ ಕೊಡಬೇಕು, ಕೊಡದಿದ್ದರೆ ಏನಾಗುತ್ತದೆ ಎಂದು ತಿಳಿದಿರಬೇಡವೇ?

ಯಾವ ವರ್ಷ, ಯಾವ ಲೆಕ್ಕ?

ನಮ್ಮ ಕಡೆ ವ್ಯಾಪಾರಸ್ಥರಿಗೆ ಹೊಸ ವರ್ಷ ಎಂದರೆ ದೀಪಾವಳಿ. ಲಕ್ಷ್ಮೀ ಪೂಜೆಯ ದಿನ ಹೊಸ ಕೀರ್ದಿ ಪುಸ್ತಕಕ್ಕೆ ಅರಿಶಿಣ ಕುಂಕುಮ ಹಚ್ಚಿ ಪೂಜೆ ಮಾಡುವವರೂ ನಾವೇ. (ಕೀರ್ದಿ, ಖತಾವಣಿ, ಠರಾವು, ಶಿಲ್ಕು ಎಂಬ ಮಾತುಗಳೆಲ್ಲ ಮರಾಠಿ ಆಡಳಿತದ ಕಾಲದಿಂದ ನಮ್ಮ ಬಾಯಲ್ಲಿ ಉಳಿದುಬಂದವು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿತ್ತು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿತ್ತು ಎಂಬುದು ಹಿರಿಯರಿಗೆ ಗೊತ್ತು.) ಪೂಜೆ ಯಾವಾಗಲಾದರೂ ಮಾಡಿ, ಸರ್ಕಾರದ ವರ್ಷ ಮಾತ್ರ ಏಪ್ರಿಲ್ 1ರಿಂದ ಮಾರ್ಚ್ 31. ಆ ದಿನಕ್ಕೆ ಅಂಗಡಿಯ ಸರಕು ಎಷ್ಟು, ಉದ್ರಿ ಎಷ್ಟು, ಬ್ಯಾಂಕಿನಲ್ಲಿ ಎಷ್ಟು, ಕೊಡಬೇಕಾದ ಸಾಲ ಎಷ್ಟು ಎಂದು ತೋರಿಸುವುದು ಅಢಾವೆ ಪತ್ರಿಕೆ. ವರ್ಷವಿಡೀ ಬಂದದ್ದೆಷ್ಟು, ಹೋದದ್ದೆಷ್ಟು ಎನ್ನುವುದು ಲಾಭ-ಹಾನಿ ಪತ್ರಿಕೆ. 'ವಾರ್ಷಿಕ ಲೆಕ್ಕಪತ್ರ' ಎಂದು ದೊಡ್ಡ ಹೆಸರಿನಿಂದ ಕರೆಯುವುದು ಬಹುಮಟ್ಟಿಗೆ ಇವೆರಡನ್ನೇ.

ಕಿರಾಣಿ ಚೀಟಿ ಲೆಕ್ಕ ಹಾಕಿ, ಹಾಲಿನವನ ಲೆಕ್ಕ ಹಿಡಿದು, ಸಂಘದ ಉಳಿತಾಯ ಲೆಕ್ಕ ಬರೆಯುವ ನಿಮಗೆ ಇದು ಅರ್ಥವಾಗದ ವಿದ್ಯೆಯೇನಲ್ಲ. ಕಾಗದ ನಿಮ್ಮ ಕೈಗೆ ಕೊಡುವವರಿಲ್ಲ, ಅಷ್ಟೇ.

ಕಂಪೆನಿಯಾದರೆ ಕಣ್ಣು ಮುಚ್ಚಬೇಡಿ

ಎಲ್ಲಕ್ಕಿಂತ ಬಿಗಿ ಕಾನೂನು ಇರುವುದು ಕಂಪೆನಿಗಳಿಗೆ. ನಿಮ್ಮ ಮನೆಯ ಉದ್ಯಮದ ಹೆಸರಿನ ಕೊನೆಗೆ 'ಪ್ರೈವೇಟ್ ಲಿಮಿಟೆಡ್' ಎಂದಿದೆಯೇ? ಹಾಗಿದ್ದರೆ ಈ ಭಾಗವನ್ನು ಎರಡು ಸಲ ಓದಿ.

2013ರ ಕಂಪೆನಿ ಕಾಯ್ದೆಯ ಪ್ರಕಾರ ಪ್ರತಿ ಕಂಪೆನಿ ತನ್ನ ಲೆಕ್ಕವನ್ನು ಸಿ.ಎ. ಅವರಿಂದ ಆಡಿಟ್ ಮಾಡಿಸಲೇಬೇಕು. ವ್ಯಾಪಾರ ಕೋಟಿ ಇರಲಿ, ಸೊನ್ನೆ ಇರಲಿ! ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಸಭೆ ನಡೆಯಬೇಕು. ಸಭೆಯಾದ 30 ದಿನದೊಳಗೆ ಲೆಕ್ಕಪತ್ರವನ್ನು 'ಎಓಸಿ-4' ಎಂಬ ನಮೂನೆಯಲ್ಲಿ, 60 ದಿನದೊಳಗೆ ವಾರ್ಷಿಕ ವಿವರವನ್ನು 'ಎಂಜಿಟಿ-7' ನಮೂನೆಯಲ್ಲಿ ಕಂಪೆನಿಗಳ ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಸಣ್ಣ ಕಂಪೆನಿಗಳಿಗೆ 'ಎಂಜಿಟಿ-7ಎ' ಎಂಬ ಚಿಕ್ಕ ನಮೂನೆ ಇದೆ. ಒಬ್ಬರೇ ಮಾಲೀಕರಿರುವ ಏಕವ್ಯಕ್ತಿ ಕಂಪೆನಿಗೆ ವಾರ್ಷಿಕ ಸಭೆಯ ಕಟ್ಟುಪಾಡಿಲ್ಲ, ಆದರೆ ಮಾರ್ಚ್ 31ರಿಂದ 180 ದಿನದೊಳಗೆ ಅದರ ಲೆಕ್ಕವೂ ಹೋಗಬೇಕು. ಇದಕ್ಕಾಗಿ ಬೆಂಗಳೂರಿಗೆ ಓಡಬೇಕಿಲ್ಲ. 2006ರಿಂದಲೂ ಎಲ್ಲವೂ ಕಂಪ್ಯೂಟರಿನಲ್ಲೇ ನಡೆಯುತ್ತದೆ.

ತಡವಾದರೆ? 2018ರ ಜುಲೈ 1ರಿಂದ ಇವೆರಡು ನಮೂನೆಗಳಿಗೆ ತಡವಾದ ಪ್ರತಿ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ. ಒಂದೊಂದು ನಮೂನೆಗೂ ಬೇರೆ ಬೇರೆ! ನೀವೇ ಗುಣಿಸಿ ನೋಡಿ. ಒಂದು ವರ್ಷ ತಡವಾದರೆ ಒಂದು ನಮೂನೆಗೆ 36,500 ರೂಪಾಯಿ, ಎರಡಕ್ಕೆ 73,000. ಅರ್ಧ ಬಂಗಾರದ ಸರ ಹೋದಂತೆ.

ದುಡ್ಡಿನ ಮಾತು ಒಂದು ಕಡೆ. ಇದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಸತತ ಮೂರು ವರ್ಷ ಲೆಕ್ಕಪತ್ರ ಅಥವಾ ವಾರ್ಷಿಕ ವಿವರ ಸಲ್ಲಿಸದ ಕಂಪೆನಿಯ ನಿರ್ದೇಶಕರು ಐದು ವರ್ಷ ಅನರ್ಹರಾಗುತ್ತಾರೆ. ಗಂಡ ನಿರ್ದೇಶಕ, ಹೆಂಡತಿ ಹೆಸರಿಗೆ ನಿರ್ದೇಶಕಿ ಎಂಬ ಭೇದ ಇಲ್ಲಿಲ್ಲ. ಇಬ್ಬರೂ ಅನರ್ಹರೇ. ಇದು ಬರೀ ಪುಸ್ತಕದ ಕಾನೂನು ಅಂದುಕೊಳ್ಳಬೇಡಿ. 2017ರಲ್ಲಿ ಕೇಂದ್ರ ಸರ್ಕಾರ ಲೆಕ್ಕ ಕೊಡದ 2 ಲಕ್ಷಕ್ಕೂ ಹೆಚ್ಚು ಕಂಪೆನಿಗಳ ಹೆಸರನ್ನು ದಾಖಲೆಯಿಂದ ಅಳಿಸಿತು. 3 ಲಕ್ಷಕ್ಕೂ ಹೆಚ್ಚು ನಿರ್ದೇಶಕರು ಅನರ್ಹರಾದರು. ಅಳಿಸಿಹೋದ ಕಂಪೆನಿಗಳ ಬ್ಯಾಂಕ್ ಖಾತೆಗಳಲ್ಲಿ ವ್ಯವಹಾರ ನಡೆಸದಂತೆ ಬ್ಯಾಂಕುಗಳಿಗೆ ಸೂಚನೆಯೂ ಹೋಯಿತು. ಎಷ್ಟೋ ಜನ ಕೋರ್ಟಿಗೆ ಹೋದರು. 2019ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್, 2014ರ ಏಪ್ರಿಲ್ 1ಕ್ಕಿಂತ ಹಿಂದಿನ ವರ್ಷಗಳನ್ನೂ ಲೆಕ್ಕಕ್ಕೆ ಹಿಡಿದು ಅನರ್ಹಗೊಳಿಸಿದ್ದ ಖಾಸಗಿ ಕಂಪೆನಿಗಳ ನಿರ್ದೇಶಕರಿಗೆ ಪರಿಹಾರ ಕೊಟ್ಟಿತು. ಆದರೆ ಅನರ್ಹತೆಯ ಕಾನೂನನ್ನು ಎತ್ತಿಹಿಡಿಯಿತು. ಅಂದರೆ ಅದು ಇಂದಿಗೂ ನಮ್ಮ ತಲೆಯ ಮೇಲಿದೆ.

'ನಾನೇನು ಇನ್ನೊಂದು ಕಂಪೆನಿ ಮಾಡ್ಲಿಕ್ಕೆ ಹೊಂಟೇನಿ? ಅನರ್ಹ ಆದ್ರ ಆಗ್ಲಿ ಬಿಡ್ರಿ' ಎನ್ನುವವರೂ ಇದ್ದಾರೆ. ಸ್ವಲ್ಪ ತಡೆಯಿರಿ. ಮುಂಡರಗಿ ಕಡೆಯ ಒಬ್ಬ ರೈತ ಮಹಿಳೆಯನ್ನು ಊಹಿಸಿಕೊಳ್ಳಿ. ಉಳ್ಳಾಗಡ್ಡಿ, ಮೆಣಸಿನಕಾಯಿ ಬೆಳೆಯುವ ನೂರಾರು ರೈತರು ಸೇರಿ ರೈತ ಉತ್ಪಾದಕರ ಕಂಪೆನಿ ಕಟ್ಟಿದ್ದಾರೆ. ಈಕೆ ಅದರ ನಿರ್ದೇಶಕಿ. ಸಭೆಗೆ ಹೋಗುತ್ತಾಳೆ, ಮಾತಾಡುತ್ತಾಳೆ, ಊರಲ್ಲಿ ಒಂದು ಮರ್ಯಾದೆ ಇದೆ. ಹತ್ತು ವರ್ಷದ ಹಿಂದೆ ಗಂಡ ಯಾವುದೋ ವ್ಯವಹಾರಕ್ಕೆಂದು ಒಂದು ಪ್ರೈವೇಟ್ ಲಿಮಿಟೆಡ್ ಮಾಡಿ ಅದರಲ್ಲಿ ಈಕೆಯ ಹೆಸರು ಹಾಕಿದ್ದ. ವ್ಯವಹಾರ ನಿಂತುಹೋಯಿತು, ಕಂಪೆನಿಯನ್ನು ಮಾತ್ರ ಮುಚ್ಚಲಿಲ್ಲ. ಮೂರು ವರ್ಷ ಲೆಕ್ಕ ಹೋಗಲಿಲ್ಲ. ಆಗ ಏನಾಗುತ್ತದೆ ಗೊತ್ತೇ? ಲೆಕ್ಕ ಕೊಡದ ಆ ಸತ್ತ ಕಂಪೆನಿಯಿಂದಾಗಿ, ಲೆಕ್ಕ ಸರಿಯಾಗಿಟ್ಟಿರುವ ರೈತರ ಕಂಪೆನಿಯಲ್ಲಿನ ಆಕೆಯ ಸ್ಥಾನ ಹೋಗುತ್ತದೆ! ರೈತ ಉತ್ಪಾದಕರ ಕಂಪೆನಿಯೂ ಕಂಪೆನಿ ಕಾಯ್ದೆಯ ಕೆಳಗೇ ಬರುವುದರಿಂದ ಈ ಪಜೀತಿ.

ಇನ್ನೊಂದು ಪರಿಸ್ಥಿತಿಯ ಬಗ್ಗೆ ಬರೆಯಲು ಮನಸ್ಸು ಬಾರದು, ಆದರೂ ಬರೆಯಬೇಕು. ಯಜಮಾನರು ಇದ್ದಕ್ಕಿದ್ದಂತೆ ತೀರಿಕೊಂಡರೆ? ಹದಿಮೂರು ದಿನ ಕಳೆದ ಮೇಲೆ ಬ್ಯಾಂಕಿನವರು ಬರುತ್ತಾರೆ, ಕೊಡಬೇಕಾದವರು ಬರುತ್ತಾರೆ. ಕೊಡಬೇಕಾದವರಲ್ಲ, ಕೇಳುವವರು! ಕೊಡಬೇಕಾದವರು ಆ ಕಡೆ ತಲೆ ಹಾಕುವುದಿಲ್ಲ. ಉದ್ರಿ ಯಾರ ಹತ್ತಿರ ಎಷ್ಟಿದೆ ಎನ್ನುವುದು ಹೋದವರ ತಲೆಯಲ್ಲಿತ್ತು. ಅದೇ ಪ್ರತಿ ವರ್ಷ ಲೆಕ್ಕ ಆಗಿ, ಅಢಾವೆ ಪತ್ರಿಕೆಯ ಒಂದು ಪ್ರತಿ ಮನೆಯಲ್ಲಿದ್ದಿದ್ದರೆ ಬರಬೇಕಾದವರ ಪಟ್ಟಿ ಅದರ ಜೊತೆಗೇ ಇರುತ್ತಿತ್ತು. ಲೆಕ್ಕ ಕೊಡದೆ ಹೆಸರು ಅಳಿಸಿಹೋದ ಕಂಪೆನಿಯಾದರಂತೂ ಅದನ್ನು ಮತ್ತೆ ಜೀವಂತ ಮಾಡಲು ಬೆಂಗಳೂರಿನ ಕಂಪೆನಿ ಕಾನೂನು ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ವಕೀಲರು, ಓಡಾಟ, ಖರ್ಚು. ಅಂಥ ಹೊತ್ತಿನಲ್ಲಿ ಯಾವ ಹೆಣ್ಣಿಗೂ ಇದು ಬೇಡ.

ಕಂಪೆನಿಯಲ್ಲಿ ನಿಮ್ಮ ಹೆಸರಿದ್ದರೆ ಪೆನ್‌ಡ್ರೈವ್‌ನಂಥ ಒಂದು ಸಣ್ಣ ವಸ್ತುವೂ ಇರಬಹುದು. ಅದು ನಿಮ್ಮ ಡಿಜಿಟಲ್ ಸಹಿ. ಸಾಮಾನ್ಯವಾಗಿ ಆಡಿಟರ ಆಫೀಸಿನ ಡ್ರಾದಲ್ಲಿ ಬಿದ್ದಿರುತ್ತದೆ. ನಂಬಿಕೆಯ ಮಾತು ಬೇರೆ, ಆದರೆ ಖಾಲಿ ಚೆಕ್ಕಿಗೆ ಸಹಿ ಹಾಕಿ ಬೇರೆಯವರ ಹತ್ತಿರ ಇಟ್ಟಂತೆ ಇದು. ಎಲ್ಲಿದೆ, ಯಾವಾಗ ಬಳಸಿದರು ಎಂದು ಕೇಳಲು ನಾಚಿಕೆ ಬೇಡ.

'ಎಲ್‌ಎಲ್‌ಪಿ' ಎಂದು ಹೆಸರಿನ ಕೊನೆಗಿದ್ದರೆ ಅದು ಸೀಮಿತ ಹೊಣೆಯ ಪಾಲುದಾರಿಕೆ. ಅದಕ್ಕೆ ಮೇ 30ರೊಳಗೆ ಒಂದು, ಅಕ್ಟೋಬರ್ 30ರೊಳಗೆ ಇನ್ನೊಂದು ವಿವರ ಸಲ್ಲಿಸಬೇಕು. ವ್ಯವಹಾರ ಇಲ್ಲದಿದ್ದರೂ!

ನೆಗೆಣ್ಣಿಯರ ಫರ್ಮು

ಅಣ್ಣತಮ್ಮಂದಿರು ಅಂಗಡಿ ನಡೆಸುತ್ತಾರೆ, ಫರ್ಮಿನ ಪಾಲುದಾರರು ಮಾತ್ರ ಅವರ ಹೆಂಡಂದಿರು! ನಮ್ಮ ಪೇಟೆಗಳಲ್ಲಿ ಇದೇನು ಹೊಸದಲ್ಲ. ಸಾಮಾನ್ಯ ಪಾಲುದಾರಿಕೆ ಫರ್ಮಿಗೆ 1932ರ ಪಾಲುದಾರಿಕೆ ಕಾಯ್ದೆ ಅನ್ವಯಿಸುತ್ತದೆ. ಕಂಪೆನಿಯಂತೆ ಪ್ರತಿ ವರ್ಷ ಲೆಕ್ಕವನ್ನು ಫರ್ಮುಗಳ ರಿಜಿಸ್ಟ್ರಾರರಿಗೆ ಕೊಡುವ ಕಟ್ಟುಪಾಡು ಇಲ್ಲಿಲ್ಲ. ಆದರೆ ಆದಾಯ ತೆರಿಗೆ ವಿವರ ಸಲ್ಲಿಸಲೇಬೇಕು, ಲಾಭ ಬಂದಿರಲಿ, ನಷ್ಟವಾಗಿರಲಿ. 'ಈ ವರ್ಷ ಲಾಸ್ ಆಗೇತ್ರಿ, ಏನ್ ತುಂಬೂದು?' ಎಂಬ ಮಾತು ಫರ್ಮಿಗೆ ನಡೆಯದು. ಗಡುವಿನೊಳಗೆ ಕೊಡದಿದ್ದರೆ ಆ ವ್ಯಾಪಾರದ ನಷ್ಟವನ್ನು ಮುಂದಿನ ವರ್ಷದ ಲಾಭದಲ್ಲಿ ಕಳೆಯುವ ಅವಕಾಶವೂ ತಪ್ಪುತ್ತದೆ.

ಇಲ್ಲಿ ಮುಖ್ಯವಾಗಿ ತಿಳಿಯಬೇಕಾದದ್ದು ಹೊಣೆಯ ವಿಷಯ. ಫರ್ಮಿನ ಸಾಲಕ್ಕೆ ಪ್ರತಿ ಪಾಲುದಾರರೂ ಪೂರ್ತಿ ಹೊಣೆ. ನಿಮ್ಮ ಪಾಲು ನಾಲ್ಕಾಣೆಯಷ್ಟೇ ಇದ್ದರೂ ಸಾಲ ಕೊಟ್ಟವರು ಹದಿನಾರಾಣೆಯನ್ನೂ ನಿಮ್ಮಿಂದಲೇ ಕೇಳಬಹುದು. ನಿಮ್ಮ ಹೆಸರಿನ ಮನೆ, ತವರಿನವರು ಕೊಟ್ಟ ಹೊಲಕ್ಕೂ ಅದು ತಟ್ಟಬಹುದು. ಹಾಗಾಗಿ ವರ್ಷಕ್ಕೊಮ್ಮೆ ಫರ್ಮಿನ ಸಾಲದ ಮೊತ್ತ ನೋಡುವುದು ಪಾಲುದಾರಳಾದ ನಿಮ್ಮ ಹಕ್ಕು. ಲೆಕ್ಕದ ಪುಸ್ತಕ ನೋಡುವ, ನಕಲು ತೆಗೆದುಕೊಳ್ಳುವ ಹಕ್ಕನ್ನು ಕಾಯ್ದೆಯೇ ಪ್ರತಿ ಪಾಲುದಾರರಿಗೆ ಕೊಟ್ಟಿದೆ. ನೆಗೆಣ್ಣಿಯರಿಬ್ಬರೂ ಕೂಡಿ ಕೇಳಿದರೆ ಮನೆಯಲ್ಲಿ ಯಾರೂ ಬೇಸರಪಟ್ಟುಕೊಳ್ಳಲಾರರು. ಒಬ್ಬರೇ ಕೇಳಿದರೆ ಮಾತ್ರ ಸಂಶಯಪಟ್ಟಂತೆ ಕಾಣುತ್ತದೆ.

ನಿಮ್ಮದೇ ವ್ಯಾಪಾರವೇ?

ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಬ್ಲೌಸ್ ಹೊಲಿಗೆ, ಬ್ಯೂಟಿ ಪಾರ್ಲರ್, ಬೆಟಗೇರಿಯ ಸೀರೆ ಮಾರಾಟ... ನೀವೇ ದುಡಿದು, ನೀವೇ ಮಾಲೀಕರಾಗಿದ್ದರೆ ಭಲೇ! ನಿಮಗೆ ಕಂಪೆನಿಯ ತಲೆನೋವು ಇಲ್ಲ. ಆದರೂ ಎರಡು ಕಡೆ ಗಮನ ಬೇಕು.

ಮೊದಲನೆಯದು ಆದಾಯ ತೆರಿಗೆ. ಸಣ್ಣ ವ್ಯಾಪಾರಸ್ಥರಿಗೆ ಸರಳ ದಾರಿಯೊಂದಿದೆ. ವರ್ಷದ ವಹಿವಾಟು 2 ಕೋಟಿ ರೂಪಾಯಿ ಒಳಗಿದ್ದರೆ ದೊಡ್ಡ ದೊಡ್ಡ ಪುಸ್ತಕ ಬರೆಯದೆಯೂ, ನಗದಿನಲ್ಲಿ ಬಂದದ್ದರ ಶೇ. 8ನ್ನು, ಬ್ಯಾಂಕು-ಯುಪಿಐ ಮೂಲಕ ಬಂದದ್ದರ ಶೇ. 6ನ್ನು ಲಾಭವೆಂದು ತೋರಿಸಿ ವಿವರ ಸಲ್ಲಿಸಬಹುದು. ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲದಿದ್ದರೂ ವಿವರ ಸಲ್ಲಿಸುವುದು ಲಾಭವೇ ಎಂದು ನನಗನಿಸುತ್ತದೆ. ಸಾಲಕ್ಕೆಂದು ಬ್ಯಾಂಕಿಗೆ ಹೋಗಿ ನೋಡಿ. ಮ್ಯಾನೇಜರು ಮೊದಲು ಕೇಳುವುದು ಎರಡು-ಮೂರು ವರ್ಷದ ರಿಟರ್ನ್ ಕಾಗದಗಳನ್ನೇ. ರೊಟ್ಟಿ ಎಷ್ಟು ರುಚಿ ಎಂದು ಅವರು ಕೇಳುವುದಿಲ್ಲ! ಕೊಡಲೇಬೇಕಾದವರು ಗಡುವು ಮೀರಿದರೆ 5,000 ರೂಪಾಯಿವರೆಗೆ ಶುಲ್ಕ ಬೀಳುತ್ತದೆ. ಆದಾಯ 5 ಲಕ್ಷ ದಾಟದವರಿಗೆ ಅದು 1,000 ರೂಪಾಯಿ.

ಹಾಗೆಯೇ ಒಂದು ಮಾತು: ಬಂಡವಾಳವೆಲ್ಲ ಗಂಡನದು, ಹೆಸರು ಮಾತ್ರ ಹೆಂಡತಿಯದು ಎಂದಾದರೆ ಆ ಆದಾಯವನ್ನು ಗಂಡನ ಆದಾಯಕ್ಕೇ ಸೇರಿಸುವ ನಿಯಮವೂ ಇದೆ. 'ನಿನ್ನ ಹೆಸರಲ್ಲಿದ್ರ ಟ್ಯಾಕ್ಸ್ ಉಳೀತೈತಿ' ಎಂಬುದು ಯಾವಾಗಲೂ ನಿಜವಲ್ಲ.

ಎರಡನೆಯದು ಜಿಎಸ್‌ಟಿ. 2025ರ ಜುಲೈ ನಿಮಗೆ ನೆನಪಿರಬೇಕು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ಬೇಕರಿ, ಚಹಾ ಅಂಗಡಿ, ಕಾಂಡಿಮೆಂಟ್ಸ್‌ನವರಿಗೆಲ್ಲ ನೋಟಿಸು ಕಳಿಸಿತ್ತು. ಪಕ್ಕದ ಹಾವೇರಿಯಲ್ಲಿ ಒಬ್ಬ ತರಕಾರಿ ವ್ಯಾಪಾರಿಗೆ, ನಾಲ್ಕು ವರ್ಷದಲ್ಲಿ 1.63 ಕೋಟಿ ರೂಪಾಯಿ ವಹಿವಾಟಾಗಿದೆ ಎಂದು ಸುಮಾರು 29 ಲಕ್ಷ ರೂಪಾಯಿ ತೆರಿಗೆಯ ನೋಟಿಸು ಬಂದದ್ದು ನಾಡೆಲ್ಲ ಸುದ್ದಿಯಾಯಿತು. ರೈತರಿಂದ ಕೊಂಡು ಹಾಗೆಯೇ ಮಾರುವ ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲವಲ್ಲ! ಅಂಗಡಿಗಳವರು ಕ್ಯೂಆರ್ ಕೋಡ್ ಕಿತ್ತು 'ನೋ ಯುಪಿಐ' ಎಂದು ಬೋರ್ಡು ಹಾಕಿದರು. ಕೊನೆಗೆ ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿಗಾಗಿ ಒತ್ತಾಯವಿಲ್ಲ, ಮಿತಿ ದಾಟಿದವರು ನೋಂದಣಿ ಮಾಡಿಸಿಕೊಳ್ಳಬೇಕು ಎಂಬ ಭರವಸೆ ಕೊಟ್ಟ ಮೇಲೆ ಗಲಾಟೆ ತಣ್ಣಗಾಯಿತು.

ಇದರಿಂದ ನಾವು ಕಲಿಯಬೇಕಾದದ್ದು ಕ್ಯೂಆರ್ ಕೋಡ್ ಕೀಳುವುದನ್ನಲ್ಲ. ತವರಿನಿಂದ ತಮ್ಮ ಕಳಿಸಿದ ರೊಕ್ಕ, ಚೀಟಿ ಎತ್ತಿದ ರೊಕ್ಕ, ರೊಟ್ಟಿ ಮಾರಿದ ರೊಕ್ಕ ಎಲ್ಲವೂ ಒಂದೇ ಖಾತೆಗೆ ಬಂದರೆ ಮೇಲಿನಿಂದ ನೋಡುವವರಿಗೆ ಎಲ್ಲವೂ ವ್ಯಾಪಾರವಾಗಿಯೇ ಕಾಣುತ್ತದೆ. ಒಂದು ದಿನಚರಿ ಪುಸ್ತಕ, ವ್ಯಾಪಾರಕ್ಕೆಂದೇ ಬೇರೆ ಬ್ಯಾಂಕ್ ಖಾತೆ, ಇಷ್ಟಿದ್ದರೆ ನೋಟಿಸಿಗೆ ಉತ್ತರ ಕೊಡುವುದು ಕಷ್ಟವಲ್ಲ.

ಮಿತಿ ಎಷ್ಟು? ಸರಕು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ, ಪಾರ್ಲರ್‌ನಂಥ ಸೇವೆಯವರಿಗೆ 20 ಲಕ್ಷ. 2025ರ ಸೆಪ್ಟೆಂಬರ್ 22ರಿಂದ ಚಪಾತಿ, ರೊಟ್ಟಿಗೆ ಜಿಎಸ್‌ಟಿ ಸೊನ್ನೆಯಾಗಿದೆ. ಚಟ್ನಿಪುಡಿಗೆ ತೆರಿಗೆ ಇದೆ. ಎರಡನ್ನೂ ಮಾರುವವರು ಎರಡರ ಒಟ್ಟು ವಹಿವಾಟನ್ನು ಕೂಡಿಸಿ 40 ಲಕ್ಷ ಆಯಿತೇ ಎಂದು ನೋಡಬೇಕು, ಬರೀ ಚಟ್ನಿಪುಡಿಯದನ್ನಲ್ಲ. ನೋಂದಣಿ ಮಾಡಿಸಿ ರಾಜಿ ತೆರಿಗೆ ಪದ್ಧತಿಗೆ ಸೇರಿದವರು ಪ್ರತಿ ಮೂರು ತಿಂಗಳಿಗೆ ತೆರಿಗೆ ಕಟ್ಟಿ, ಜೂನ್ 30ರೊಳಗೆ ವರ್ಷದ ವಿವರ ಕೊಡಬೇಕು.

ಕಣಗಿನಹಾಳದ ನೆರೆಹೊರೆಯವರು ನಾವು

ವರ್ಷದ ಲೆಕ್ಕವನ್ನು ನಾಲ್ಕು ಜನರ ಮುಂದೆ ಓದಿ ಹೇಳುವ ರೂಢಿ ನಮ್ಮ ಜಿಲ್ಲೆಗೆ ನೂರಿಪ್ಪತ್ತು ವರ್ಷ ಹಳೆಯದು. 1904ರಲ್ಲಿ ಬ್ರಿಟಿಷ್ ಸರ್ಕಾರ ಸಹಕಾರ ಪತ್ತಿನ ಸಂಘಗಳ ಕಾಯ್ದೆ ತಂದಿತು. ಮರುವರ್ಷವೇ, 1905ರಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಆಗ ನಾವು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದೆವು. ಒಕ್ಕಲುತನದ ಮಂದಿ ಸಾಹುಕಾರನ ಬಡ್ಡಿಗೆ ಹೆದರಿ ಕೂತಿದ್ದ ಕಾಲ. ಸಾಹುಕಾರನ ಪುಸ್ತಕದಲ್ಲಿ ಏನು ಬರೆದಿದೆ ಎಂದು ಕೇಳುವ ಹಾಗಿರಲಿಲ್ಲ. ಸಂಘದ ಪುಸ್ತಕ ಹಾಗಲ್ಲ, ಅದನ್ನು ಸದಸ್ಯರು ಕೇಳಬಹುದಿತ್ತು. ಎರಡಕ್ಕೂ ಇದ್ದ ದೊಡ್ಡ ವ್ಯತ್ಯಾಸವೇ ಅದು.

ಈಗ ನಮ್ಮ ಊರುಗಳಲ್ಲಿ ಮಹಿಳಾ ಪತ್ತಿನ ಸಂಘಗಳಿವೆ, ಮಹಿಳಾ ಹಾಲು ಉತ್ಪಾದಕರ ಸಂಘಗಳಿವೆ. ಸಾಮಾನ್ಯ ಸಂಘಗಳ ಆಡಳಿತ ಮಂಡಳಿಯಲ್ಲೂ ಮಹಿಳೆಯರಿಗೆ ಎರಡು ಸ್ಥಾನ ಮೀಸಲು. ನೀವು ಹಾಗೆ ಆಯ್ಕೆಯಾಗಿ ಹೋಗಿದ್ದೀರಾ? ಸಭೆಗೆ ನೀವೇ ಹೋಗುತ್ತೀರೋ, ಇಲ್ಲಾ ಠರಾವು ಪುಸ್ತಕವೇ ಸಹಿಗಾಗಿ ನಿಮ್ಮ ಮನೆಗೆ ಬರುತ್ತದೋ? ಎರಡನೆಯದಾದರೆ ಎಚ್ಚರ! ಸಂಘದ ಹಣಕ್ಕೆ ನಷ್ಟವಾದಾಗ, ಅದಕ್ಕೆ ಕಾರಣರಾದ ಆಡಳಿತ ಮಂಡಳಿ ಸದಸ್ಯರಿಂದ ಆ ಹಣ ವಸೂಲು ಮಾಡಲು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಲ್ಲಿ ಅವಕಾಶವಿದೆ. 'ನನಗೆ ಓದಿ ಹೇಳಲಿಲ್ಲ' ಎಂಬ ಸಬೂಬು ನಿಮ್ಮ ಸಹಿಯ ಮುಂದೆ ನಿಲ್ಲುವುದು ಕಷ್ಟ.

ಸಂಘದ ಲೆಕ್ಕವೂ ಮಾರ್ಚ್ 31ಕ್ಕೆ ಮುಗಿಯುತ್ತದೆ. ಮಹಾಸಭೆಯೇ ಆರಿಸಿದ ಲೆಕ್ಕಪರಿಶೋಧಕರು ಆಡಿಟ್ ಮಾಡಬೇಕು. ಸೆಪ್ಟೆಂಬರ್ 25ರೊಳಗೆ ವಾರ್ಷಿಕ ಮಹಾಸಭೆ ನಡೆದು, ಲೆಕ್ಕ ಸದಸ್ಯರ ಮುಂದೆ ಬರಬೇಕು, ಸಹಕಾರ ಇಲಾಖೆಗೂ ಹೋಗಬೇಕು. ಅದಕ್ಕೇ ಸೆಪ್ಟೆಂಬರ್ ಬಂತೆಂದರೆ ಊರೂರಲ್ಲಿ ಮಹಾಸಭೆಗಳ ಭರಾಟೆ.

ನೀವು ಬರೀ ಸದಸ್ಯೆ ಅಥವಾ ಠೇವಣಿದಾರಳಾಗಿದ್ದರೂ ಸಭೆಗೆ ಹೋಗಿ. ಉಪ್ಪಿಟ್ಟು, ಶಿರಾ ಕೊಡುತ್ತಾರೆಂದಲ್ಲ! ಸಭೆಯ ನೋಟಿಸಿನ ಜೊತೆ ಒಂದು ವಾರ್ಷಿಕ ವರದಿಯ ಪುಸ್ತಕ ಕೊಡುತ್ತಾರಲ್ಲ, ಅದನ್ನು ಅಡುಗೆಮನೆಯ ಕಪಾಟಿಗೆ ಹಾಸಬೇಡಿ. ಆಡಿಟ್ ವರ್ಗ 'ಅ' ಇದ್ದದ್ದು 'ಕ'ಗೆ ಇಳಿದಿದೆಯೇ ನೋಡಿ. ಸುಸ್ತಿ ಸಾಲ ಹೋದ ವರ್ಷಕ್ಕಿಂತ ಎಷ್ಟು ಏರಿದೆ ನೋಡಿ. ಮಾರ್ಚ್ 31ರ ಕೈಶಿಲ್ಕು ನೋಡಿ. ಬ್ಯಾಂಕಿನಲ್ಲಿಡದೆ ಲಕ್ಷಗಟ್ಟಲೆ ನಗದು ಕೈಯಲ್ಲೇ ಇಟ್ಟುಕೊಂಡಿದ್ದರೆ ಯಾಕೆಂದು ಎದ್ದು ನಿಂತು ಕೇಳಬೇಕಾದ ಪ್ರಶ್ನೆ ಅದು. ನಿವ್ವಳ ಲಾಭದ ಕನಿಷ್ಠ ಶೇ. 25 ಕಾಯ್ದಿಟ್ಟ ನಿಧಿಗೆ ಹೋಗಿರಬೇಕು. ಹೆಚ್ಚಿನ ಬಡ್ಡಿಯ ಆಸೆಗೆ ಜೀವಮಾನದ ಉಳಿತಾಯವನ್ನು ಠೇವಣಿ ಇಟ್ಟವರು ಈ ಪುಸ್ತಕವನ್ನು ಓದದಿದ್ದರೆ ಹೇಗೆ? ಎರಡು ವರ್ಷ ಮಹಾಸಭೆಯೇ ಆಗಿಲ್ಲ, ಆಡಿಟ್ ವರದಿ ಕೇಳಿದರೆ 'ಆಗೇತಿ, ಬರ್ತದ' ಎನ್ನುತ್ತಾರೆ ಎಂದರೆ ಗದಗಿನಲ್ಲಿರುವ ಸಹಕಾರ ಸಂಘಗಳ ಉಪನಿಬಂಧಕರ ಕಚೇರಿಗೆ ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ.

ಮಹಿಳಾ ಮಂಡಳಗಳ ವಿಷಯ ಚಿಕ್ಕದಾಗಿ ಹೇಳುವುದಾದರೆ, 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ ಮಂಡಳವಾದರೆ ವಾರ್ಷಿಕ ಸಭೆಯಾದ 14 ದಿನದೊಳಗೆ ಪದಾಧಿಕಾರಿಗಳ ಪಟ್ಟಿ ಮತ್ತು ಆಡಿಟ್ ಆದ ಲೆಕ್ಕವನ್ನು ಜಿಲ್ಲಾ ನೋಂದಣಾಧಿಕಾರಿಗೆ ಕೊಡಬೇಕು. ಹತ್ತು ಹನ್ನೆರಡು ಜನರ ಸ್ವಸಹಾಯ ಗುಂಪಿಗೆ ಇಂಥ ಕಾನೂನಿಲ್ಲ. ಆದರೆ ಬ್ಯಾಂಕು ಸಾಲ ಕೊಡುವುದೇ ಗುಂಪಿನ ಪುಸ್ತಕ ನೋಡಿ ಎಂದು ನಿಮಗೆ ನಾನು ಹೇಳಬೇಕಿಲ್ಲ.

ಹೊರಗೆ ಬರುವುದಿದ್ದರೆ

'ನನ್ನ ಹೆಸರೇ ಬ್ಯಾಡ್ರಿ, ತಗಸಿಬಿಡ್ರಿ' ಎನ್ನುವುದಾದರೆ ಅದಕ್ಕೂ ಕ್ರಮವಿದೆ. ಬಾಯಿಮಾತಿನಲ್ಲಿ ಹೇಳಿ ಬಿಟ್ಟರೆ ಹೆಸರು ಹೋಗುವುದಿಲ್ಲ.

ಕಂಪೆನಿಯಾದರೆ ರಾಜೀನಾಮೆ ಪತ್ರ ಕೊಟ್ಟು, ಅದನ್ನು ಕಂಪೆನಿ ರಿಜಿಸ್ಟ್ರಾರರಿಗೆ ತಿಳಿಸಿದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ನೀವೇ ನೇರವಾಗಿ ತಿಳಿಸುವುದಕ್ಕೂ ಒಂದು ನಮೂನೆ ಇದೆ. ಇಬ್ಬರೇ ನಿರ್ದೇಶಕರಿದ್ದರೆ ನಿಮ್ಮ ಜಾಗಕ್ಕೆ ಇನ್ನೊಬ್ಬರು ಬರಬೇಕು. ನೀವು ನಿರ್ದೇಶಕಿಯಾಗಿದ್ದ ಕಾಲದ ತಪ್ಪಿಗೆ ರಾಜೀನಾಮೆಯ ನಂತರವೂ ಹೊಣೆ ತಪ್ಪದು. ಕಂಪೆನಿಯೇ ನಡೆಯುತ್ತಿಲ್ಲವೇ? ಅದನ್ನು ಸುಮ್ಮನೆ ಬಿಡುವುದರ ಬದಲು ಅರ್ಜಿ ಹಾಕಿ ಕ್ರಮವಾಗಿ ಮುಚ್ಚಿಸಿ. ಹಳೆಯ ಲೆಕ್ಕ ಬಾಕಿ ಇದ್ದವರಿಗೆ ಸರ್ಕಾರ ಆಗಾಗ ರಿಯಾಯಿತಿ ಕೊಟ್ಟದ್ದೂ ಉಂಟು, 2018ರಲ್ಲಿ ಒಮ್ಮೆ, 2020ರಲ್ಲಿ ಒಮ್ಮೆ. ಅಂಥದ್ದು ಬಂದಾಗ ಬಿಡಬೇಡಿ. ಬರುತ್ತದೆಂದು ಕಾದು ಕೂರುವುದು ಮಾತ್ರ ಜಾಣತನವಲ್ಲ. ದಿನಕ್ಕೆ ನೂರು ರೂಪಾಯಿ ಓಡುತ್ತಲೇ ಇರುತ್ತದೆ.

ಪಾಲುದಾರಿಕೆಯಿಂದ ಹೊರಬಂದವರು ಸಾರ್ವಜನಿಕ ಪ್ರಕಟಣೆ ಕೊಡುವವರೆಗೆ ಹೊರಗಿನವರ ಲೆಕ್ಕದಲ್ಲಿ ಪಾಲುದಾರರೇ. ನೋಂದಾಯಿತ ಫರ್ಮಾದರೆ ಫರ್ಮುಗಳ ರಿಜಿಸ್ಟ್ರಾರರಿಗೆ ತಿಳಿಸಿ, ರಾಜ್ಯಪತ್ರದಲ್ಲಿ ಮತ್ತು ಜಿಲ್ಲೆಯಲ್ಲಿ ಓದುವ ಒಂದು ಕನ್ನಡ ಪತ್ರಿಕೆಯಲ್ಲಿ ಪ್ರಕಟಿಸಬೇಕು. ಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ 'ನಿವೃತ್ತ ಪಾಲುದಾರರು' ಎಂದು ಬರುತ್ತದಲ್ಲ, ಅದು ಇದೇ.

ಕೇಳುವುದು ಹೇಗೆ?

ನಿಜ ಹೇಳಬೇಕೆಂದರೆ ಎಷ್ಟೋ ಮನೆಗಳಲ್ಲಿ ಕಾನೂನಿಗಿಂತ ಇದೇ ಕಷ್ಟ. 'ನನ್ನ ಮ್ಯಾಲ ನಂಬಿಕಿ ಇಲ್ಲೇನು?' ಎಂದು ಯಜಮಾನರು ಮುಖ ಗಂಟಿಕ್ಕಿದರೆ? ಜಗಳ ತೆಗೆಯಬೇಡಿ. ರಿಟರ್ನ್ ತುಂಬಿದ ಸುದ್ದಿ ಬಂದ ದಿನ, ಊಟವಾದ ಮೇಲೆ, 'ಹಂಗಾರ ನನ್ನ ಹೆಸರಿಂದು ಒಂದು ಪ್ರತಿ ನನಗೂ ಕೊಡ್ರಿ, ಟ್ರೆಜರಿಯೊಳಗ ಇಟ್ಟಿರ್ತೀನಿ' ಎನ್ನಿ. ಕಾಗದ ಜೋಪಾನ ಮಾಡುವ ಕೆಲಸ ಹೇಗೂ ನಿಮ್ಮದೇ ತಾನೇ! ಮಗ ಅಥವಾ ಮೈದುನ ವ್ಯವಹಾರ ನೋಡುತ್ತಿದ್ದರೂ ಇದೇ ಉಪಾಯ. ಅಷ್ಟಕ್ಕೂ ಒಪ್ಪದೆ ಹೋದರೆ ತೆರಿಗೆ ಸಲಹೆಗಾರರನ್ನು ನೀವೇ ಕಾಣಿ. ನಿಮ್ಮ ಹೆಸರಿನ ಕಾಗದ ಕೇಳಲು ಯಾರ ಅಪ್ಪಣೆಯೂ ಬೇಡ. ನಿಮ್ಮ ಪ್ಯಾನ್ ಕಾರ್ಡಿಗೆ ಜೋಡಿಸಿದ ಮೊಬೈಲ್ ಸಂಖ್ಯೆ ನಿಮ್ಮದೇ ಇರಲಿ, ಆಡಿಟರ ಆಫೀಸಿನ ಹುಡುಗನದ್ದಲ್ಲ. ಇಲಾಖೆಯ ಸಂದೇಶಗಳೆಲ್ಲ ಬರುವುದು ಆ ಸಂಖ್ಯೆಗೇ.

ಪ್ರತಿಯಲ್ಲಿ ಏನಿರಬೇಕು? ಸಲ್ಲಿಸಿದ ದಿನಾಂಕ, ಸ್ವೀಕೃತಿ ಸಂಖ್ಯೆ, ಅಢಾವೆ ಪತ್ರಿಕೆ, ಬರಬೇಕಾದವರ ಮತ್ತು ಕೊಡಬೇಕಾದವರ ಪಟ್ಟಿ. ಬರೀ 'ಎಲ್ಲಾ ಆಗೇತ್ರಿ ಅಕ್ಕಾರ' ಎಂಬ ಮಾತು ಸಾಲದು.

ಕಂಪೆನಿಯ ವಿಷಯದಲ್ಲಂತೂ ಯಾರನ್ನೂ ಕೇಳಬೇಕಿಲ್ಲ. ಕಂಪೆನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಕಂಪೆನಿಯ ಹೆಸರು ಹಾಕಿದರೆ ನಿರ್ದೇಶಕರು ಯಾರು, ಕೊನೆಯ ವಾರ್ಷಿಕ ಸಭೆ ಎಂದು ನಡೆಯಿತು, ಕೊನೆಯ ಅಢಾವೆ ಪತ್ರಿಕೆ ಯಾವ ವರ್ಷದ್ದು ಎಂಬುದು ಕಾಣುತ್ತದೆ. ಕಾಲೇಜಿಗೆ ಹೋಗುವ ಮಗಳಿಗೆ ಹೇಳಿ, ಮೊಬೈಲಿನಲ್ಲೇ ನೋಡಿ ಹೇಳುತ್ತಾಳೆ. ಅಲ್ಲಿ ಎರಡು ವರ್ಷ ಹಿಂದಿನ ದಿನಾಂಕ ಕಂಡರೆ, ಮೂರನೆಯ ವರ್ಷ ತುಂಬುವ ಮುಂಚೆ ಸಿ.ಎ. ಅವರ ಆಫೀಸಿಗೆ ನೀವೇ ಹೋಗಿ ಬನ್ನಿ.